ಮೊಣಕಾಲು ನೋಡುವ ಹುಡುಗಿ

ನನ್ನ ಮೊಮ್ಮಗಳಿಗೆ ತಲೆ ಸರಿಯಿಲ್ಲ ಎಂದು ಬೆಂಗೇರಿಯ ಅರ್ಧ ಜನ ಹೇಳುತ್ತಾರೆ. ಉಳಿದರ್ಧ ಜನರಿಗೆ ಅವಳ ಪರಿಚಯ ಇನ್ನೂ ಆಗಿಲ್ಲ!

ನಾನೇನೂ ಸಿಟ್ಟಾಗುವುದಿಲ್ಲ. ಹೇಳುವವರ ಮಾತಿನಲ್ಲಿಯೂ ಸ್ವಲ್ಪ ಖರೇ ಇದೆ. ನೀವೇ ಹೇಳಿ, ಎದುರಿಗೆ ಒಬ್ಬ ಮನುಷ್ಯ ಬಂದರೆ ನೀವು ಮೊದಲು ಏನು ನೋಡುತ್ತೀರಿ? ಮುಖ ನೋಡುತ್ತೀರಿ. ಹೆಂಗಸರಾದರೆ ಮೊದಲು ಸೀರೆ ನೋಡಿ, ಪುರುಸೊತ್ತಾದರೆ ಮುಖ ನೋಡುತ್ತೀರಿ. ಬಂಗಾರದ ಅಂಗಡಿಯವರು ಕೊರಳು ನೋಡುತ್ತಾರೆ. ನಮ್ಮ ಹುಡುಗಿ ಮೊಣಕಾಲು ನೋಡುತ್ತಾಳೆ! ಬರುವವರ ಮೊಣಕಾಲು ಎಷ್ಟು ಮಡಚುತ್ತದೆ, ಯಾವ ಕಾಲನ್ನು ಮೊದಲು ಎತ್ತುತ್ತಾರೆ, ಮೆಟ್ಟಿಲು ಕಂಡಾಗ ಕೈ ಎತ್ತ ಹೋಗುತ್ತದೆ, ಇಷ್ಟೆಲ್ಲ ನೋಡಿ ಮುಗಿಸಿದ ಮೇಲೆಯೇ ಅವಳ ಬಾಯಿಂದ "ಬರ್ರಿ, ಕೂಡ್ರಿ" ಎಂಬ ಮಾತು ಬರುವುದು.

ಹೋದ ವರ್ಷ ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಒಳ್ಳೆಯ ಮನೆತನ, ಹತ್ತಿಯ ವ್ಯಾಪಾರ. ನನ್ನ ಮಗ, ಅಂದರೆ ಅವಳ ಅಪ್ಪ, ಬೆಳಗಿನಿಂದ ಹೊಸ ಅಂಗಿ ಹಾಕಿಕೊಂಡು ಬೆವರುತ್ತಿದ್ದ. ನಾನು ಶಿರಾ ಮಾಡಿಟ್ಟಿದ್ದೆ. ಹುಡುಗಿ ಚಹದ ಕಪ್ಪುಗಳನ್ನು ಹಿಡಿದು ತಲೆ ಬಗ್ಗಿಸಿಕೊಂಡು ಬಂದಳು. ಆಹಾ, ಎಷ್ಟು ನಾಚಿಕೆ, ಎಷ್ಟು ಲಕ್ಷಣ ಎಂದು ಬಂದವರಿಗೆಲ್ಲ ಸಂತೋಷ. ನಾಚಿಕೆ ಎಲ್ಲಿಂದ ಬರಬೇಕು? ಅವಳು ಹುಡುಗನ ತಾಯಿಯ ಮೊಣಕಾಲು ನೋಡುತ್ತಿದ್ದಳು!

"ಅತ್ತೀ, ಎಡಗಾಲು ಭಾಳ ತ್ರಾಸ ಕೊಡತೈತೇನ್ರಿ?"

ಆಕೆ ಗಾಬರಿಯಾದರು. "ಹೌದು ನಮ್ಮವ್ವಾ. ನಿನಗ ಯಾರ ಹೇಳಿದ್ರು?"

"ಯಾರೂ ಹೇಳಿಲ್ಲರಿ. ನೀವು ಹೊಸ್ತಲಾ ದಾಟೂಮುಂದ ನೋಡಿದೆ. ಬಸ್ಸು ಹತ್ತೂಮುಂದ ಯಾವ ಕೈಲೆ ಹಿಡಕೋತೀರಿ?"

ಅಲ್ಲಿಗೆ ಮುಗಿಯಿತು! ಹುಡುಗನ ಮುಖವನ್ನು ಯಾರೂ ನೋಡಲಿಲ್ಲ. ಅತ್ತೆಯಾಗಬೇಕಾದವರೂ ಸೊಸೆಯಾಗಬೇಕಾದವಳೂ ನಮ್ಮ ಹೊಸ್ತಿಲನ್ನು ದಾಟಿ ಹೊರಗೆ, ದಾಟಿ ಒಳಗೆ, ಮತ್ತೆ ಹೊರಗೆ. ಹುಡುಗಿ ಟೇಪು ಹಿಡಿದು ಅಳೆಯುವುದು, ಆಕೆ ಕಾಲೆತ್ತಿ ತೋರಿಸುವುದು. ಶಿರಾ ಆರಿ ಕಲ್ಲಾಯಿತು. ಸಂಬಂಧವೂ ಕೂಡಿಬರಲಿಲ್ಲ. ಆದರೆ ಆ ತಾಯಿ ಈಗಲೂ ನಮಗೆ ಫೋನು ಮಾಡುತ್ತಾರೆ. ಮಗನ ಸುದ್ದಿ ಎತ್ತುವುದೇ ಇಲ್ಲ. "ನಿಮ್ಮ ಹುಡುಗಿ ಗಾಡಿ ನಮ್ಮ ಓಣಿಗೆ ಯಾವಾಗ ಬರತೈತ್ರಿ?" ಎಂದು ಕೇಳುತ್ತಾರೆ.

ಯಾವ ಗಾಡಿ ಎಂದಿರಾ? ಅದನ್ನು ಹೇಳಲಿಕ್ಕೇ ಕುಳಿತಿದ್ದೇನೆ. ಹೇಳದಿದ್ದರೆ ನನ್ನ ಹೊಟ್ಟೆ ಒಡೆದು ಹೋದೀತು!

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಅಂಗಡಿಯ ಬೋರ್ಡು ಓದುತ್ತೇನೆ. ಬಸ್ಸಿನ ಬೋರ್ಡನ್ನೂ ಓದುತ್ತೇನೆ, ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ, ಅಷ್ಟೇ. ನನ್ನ ಮೊಮ್ಮಗಳು ಧಾರವಾಡದಲ್ಲಿ ಇಂಜಿನಿಯರಿಂಗ್ ಮುಗಿಸಿ, ಅದು ಸಾಲದೆಂದು ಇನ್ನೆಲ್ಲೋ ದೂರ ಹೋಗಿ ಮತ್ತೇನೋ ಕಲಿತು ಬಂದಳು. ಬರುವಾಗ ಕೊರಳಲ್ಲಿ ಸರ ಇರಲಿಲ್ಲ, ದರ್ಜಿಯಂತೆ ಒಂದು ಟೇಪು ಜೋತು ಬಿದ್ದಿತ್ತು.

"ಏನ ಕಲತು ಬಂದೀ ಯವ್ವಾ?" ಎಂದೆ.

"ಮುಂದಿನ ಕಾಲದಾಗ ಜನ ಹೆಂಗ ಓಡಾಡಬೇಕು ಅನ್ನೂದು ಕಲತು ಬಂದೇನಿ ಅಜ್ಜಿ. ಹೊಗಿ ಇರಬಾರದು, ಗದ್ಲ ಇರಬಾರದು, ಯಾರಿಗೂ ತ್ರಾಸ ಆಗಬಾರದು."

"ಅದಕ್ಕ ಸಾಲಿ ಬೇಕೇನ? ಕಾಲು ಅದಾವು, ರಸ್ತೆ ಐತಿ."

"ಹಂಗಾರ ನೀ ಯಾಕ ದೊಡ್ಡಜ್ಜಿ ಮನಿಗೆ ಹೋಗೂದು ಬಿಟ್ಟಿ?"

ದೊಡ್ಡಜ್ಜಿ ಎಂದರೆ ನನ್ನ ಅಕ್ಕ. ಧಾರವಾಡದ ದಾರಿಯ ಸತ್ತೂರಿನಲ್ಲಿ, ಬಸ್ ನಿಲ್ದಾಣದ ಎದುರಿನ ಓಣಿಯಲ್ಲೇ ಇದ್ದಾಳೆ. ಸೋಮವಾರ ಬಂದರೆ ಸಾಕು, ಪೂಜೆ ಮುಗಿಸಿ, ರೊಟ್ಟಿ ಮತ್ತು ಶೇಂಗಾ ಚಟ್ನಿ ಕಟ್ಟಿಕೊಂಡು ನಾನು ಹೊರಡುತ್ತಿದ್ದೆ. ಇಬ್ಬರೂ ಕೂಡಿ ಉಂಡು, ತೀರಿಹೋದ ನಮ್ಮ ಗಂಡಂದಿರನ್ನು ಸ್ವಲ್ಪ ಹೊಗಳಿ, ಸ್ವಲ್ಪ ಹೆಚ್ಚಾಗಿ ಬೈದು, ಹೊತ್ತು ಇಳಿಯುವ ಮುಂಚೆ ಮನೆಗೆ ಬರುತ್ತಿದ್ದೆ. ಒಂದು ದಿನ ಟಂಟಂ ಆಟೋದಿಂದ ಇಳಿಯುವಾಗ ಕಾಲು ಜಾರಿತು. ಎಲುಬು ಮುರಿಯಲಿಲ್ಲ. ಧೈರ್ಯ ಮುರಿಯಿತು.

ದೊಡ್ಡ ರಸ್ತೆಯ ಬಸ್ಸು ಛಲೋ ಇದೆ, ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಸಮ. ಆದರೆ ನಮ್ಮ ಓಣಿಯಿಂದ ಆ ನಿಲ್ದಾಣ ಮುಟ್ಟುವುದು ಹೇಗೆ? ನಡೆಯಲು ಮೊಣಕಾಲು ಒಲ್ಲೆ ಅನ್ನುತ್ತದೆ, ಟಂಟಂ ಹತ್ತಲು ಎದೆ ಒಲ್ಲೆ ಅನ್ನುತ್ತದೆ. ಮಗ ಬಿಟ್ಟು ಬರುತ್ತೇನೆ ಅನ್ನುತ್ತಾನೆ. ಬಿಡುತ್ತಾನೆ ಕೂಡ, ಅಂಗಡಿಯ ಗಡಿಬಿಡಿಯಲ್ಲಿ ಜೋಳದ ಚೀಲ ಇಳಿಸಿದಂತೆ ಇಳಿಸಿ ಹೋಗುತ್ತಾನೆ. ತಿರುಗಿ ಒಯ್ಯಲು ಬಂದಾಗ ಹೊರಗೆ ನಿಂತು ಹಾರ್ನು ಬಾರಿಸುತ್ತಾನೆ. ಅಕ್ಕನ ಮಾತು ಆಗಿನ್ನೂ ಮಾವನ ಮನೆಯ ಜಗಳದ ನಟ್ಟನಡುವೆ ಇರುತ್ತದೆ! ಹೋಗಬೇಕು ಅನಿಸಿದಾಗ ಎದ್ದು ಹೋಗಬೇಕು, ಸಾಕು ಅನಿಸಿದಾಗ ಎದ್ದು ಬರಬೇಕು, ನಡುವೆ ಯಾರನ್ನೂ ಕೇಳಬಾರದು. ಅದಕ್ಕೆ ಹೋಗುವುದು ಎನ್ನುತ್ತಾರೆ. ಉಳಿದದ್ದೆಲ್ಲ ಸಾಮಾನು ಸಾಗಿಸುವುದು. ಹೀಗೆ ಸೋಮವಾರ ನಿಂತುಹೋಯಿತು. ಫೋನಿನಲ್ಲಿ ಮಾತಾಡೋಣವೆಂದರೆ ಅಕ್ಕನಿಗೆ ಕಿವಿ ಮಂದ.

"ನಿನ್ನ ಸೋಮವಾರ ನಾ ತಿರಗಿ ತಂದು ಕೊಡತೇನಿ, ನೋಡೀಯಂತ" ಎಂದಳು ಹುಡುಗಿ. ಅಂದಿನಿಂದ ಮನೆಯಲ್ಲಿ ಶಾಂತಿ ಹೋಯಿತು.

ಪಕ್ಕದ ಮನೆಯಾಕೆ "ಮೊಮ್ಮಗಳು ಏನ ಮಾಡತಾಳ್ರಿ?" ಎಂದು ಕೇಳಿದಾಗ ನಾನು ಹೆಮ್ಮೆಯಿಂದ "ಬಸ್ಸಿನ ಕೆಲಸ ಮಾಡತಾಳವಾ" ಎಂದೆ.

"ಕಂಡಕ್ಟರ್ ಆಗ್ಯಾಳೇನ್ರಿ? ಛಲೋ ಆತು ಬಿಡ್ರಿ! ಧಾರವಾಡಕ್ಕ ಹೋಗೂಮುಂದ ನನಗೊಂದು ಕಿಡಕಿ ಕಡಿ ಸೀಟು ಹಿಡಿಯಾಕ ಹೇಳ್ರಿ."

ತಿದ್ದಿ ಹೇಳೋಣವೆಂದರೆ ಅವಳ ಕೆಲಸ ಏನೆಂದು ನನಗಾದರೂ ಎಲ್ಲಿ ತಿಳಿದಿತ್ತು? ಸೀಟು ಹಿಡಿಸುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಒಂದು ಬೆಳಿಗ್ಗೆ ಅಡಿಗೆ ಮನೆಗೆ ಹೋದರೆ ಅಕ್ಕಿಯ ಡಬ್ಬಿ ಖಾಲಿ! ಕಪಾಟಿನಲ್ಲಿ ನನ್ನ ಇಳಕಲ್ ಸೀರೆ ಇಲ್ಲ! ಹಳೆಯ ಕನ್ನಡಕವೂ ಇಲ್ಲ! ಕಳ್ಳ ಬಂದಿದ್ದರೆ ಟಿವಿ ಬಿಟ್ಟು ಅಕ್ಕಿ ಯಾಕೆ ಒಯ್ಯುತ್ತಾನೆ? ಹೊರಗೆ ಬಂದು ನೋಡುತ್ತೇನೆ, ಓಣಿಯ ಬೇವಿನ ಕಟ್ಟೆಯ ಹತ್ತಿರ ನಾನೇ ನಿಂತಿದ್ದೇನೆ! ಅದೇ ಸೀರೆ, ತಲೆಯ ಮೇಲೆ ಅದೇ ಸೆರಗು, ಅದೇ ಬಗ್ಗಿದ ಸೊಂಟ. ಹತ್ತಿರ ಹೋದಾಗ ತಿಳಿಯಿತು, ನಮ್ಮ ಹುಡುಗಿ. ಮಡಚಬಾರದೆಂದು ಎರಡೂ ಮೊಣಕಾಲಿಗೆ ಅಕ್ಕಿಯ ಚೀಲ ಬಿಗಿದುಕೊಂಡಿದ್ದಳು. ಮಂಜು ಮಂಜಾಗಿ ಕಾಣಲೆಂದು ಕನ್ನಡಕಕ್ಕೆ ಕೊಬ್ಬರಿ ಎಣ್ಣೆ ಸವರಿದ್ದಳು. ಕಿವಿಗೆ ಹತ್ತಿ ತುರುಕಿದ್ದಳು.

"ಯಾಕ, ನನ್ನ ಅಣಕಸಾಕತ್ತೀ ಏನ?" ಎಂದು ಗದರಿಸಿದೆ.

"ಆಂ?" ಎಂದಳು. ಹತ್ತಿ ಇತ್ತಲ್ಲ!

ಅದೇ ವೇಷದಲ್ಲಿ ಟಂಟಂ ಹತ್ತಿ ದೊಡ್ಡ ರಸ್ತೆಯವರೆಗೆ ಹೋಗಿ ಬಂದಳು. ಒಬ್ಬ ಅಜ್ಜ ಅವಳ ಕೈ ಹಿಡಿದು ಹತ್ತಿಸಿಕೊಂಡು, "ಈ ವಯಸ್ಸಿನ್ಯಾಗ ಒಬ್ಬಾಕಿನ್ನ ಕಳಿಸ್ಯಾನಲ್ಲವಾ, ಎಂಥಾ ಮಗಾ ಅವಾ!" ಎಂದು ದಾರಿಯುದ್ದಕ್ಕೂ ಇಲ್ಲದ ಮಗನಿಗೆ ಬೈದನಂತೆ. ಅದನ್ನು ಹೇಳಿ ಹೇಳಿ ನಕ್ಕಳು. ಆಮೇಲೆ ಕಟ್ಟೆಯ ಮೇಲೆ ಕುಳಿತು ಚೀಲ ಬಿಚ್ಚಿದಳು. ಮೊಣಕಾಲ ಸುತ್ತ ದಾರದ ಗುರುತು ಕೆಂಪಗೆ ಮೂಡಿತ್ತು.

"ಅಜ್ಜಿ, ನೀ ಇಷ್ಟು ದಿನಾ ಹಿಂಗ ಓಡಾಡತಿದ್ದೆ?"

"ನಾ ಅಕ್ಕಿ ಕಟಗೊಂಡು ಓಡಾಡತಿದ್ದಿಲ್ಲ, ಹುಚ್ಚಿ!" ಎಂದೆ.

ಅವಳು ನಗಲಿಲ್ಲ. ನಾನೂ ಅಲ್ಲಿ ನಿಲ್ಲಲಾರದೆ ಅಕ್ಕಿ ಎತ್ತಿಕೊಂಡು ಒಳಗೆ ಹೋದೆ. ಅಂದು ಮಧ್ಯಾಹ್ನ ನಾವು ಉಂಡದ್ದು ಅದೇ ಅಕ್ಕಿಯ ಅನ್ನ. ತೊಳೆದಿದ್ದೆ, ಚಿಂತೆ ಮಾಡಬೇಡಿ!

ಮರುದಿನ ಹೊಸ ಪ್ರಶ್ನೆ. "ಅಜ್ಜಿ, ನಮ್ಮ ಓಣ್ಯಾಗ ವಯಸ್ಸಾದವರು ಎಲ್ಲಿ ಕೂಡತಾರ?"

"ಕಟ್ಟಿ ಮ್ಯಾಲೆ. ಮತ್ತೆಲ್ಲಿ ಕೂಡಬೇಕು, ಬೇವಿನ ಗಿಡದ ಮ್ಯಾಲೇನ?"

ಇಷ್ಟು ಹೇಳಿದ್ದಕ್ಕೆ ಅವಳು ನನ್ನನ್ನು ಅಪ್ಪಿಕೊಂಡು ಕುಣಿದಳು. ಗಾಡಿ ನಿಲ್ಲುವಲ್ಲಿಗೆ ಜನ ಯಾಕೆ ಹೋಗಬೇಕು? ಜನ ಕೂಡುವಲ್ಲಿಗೇ ಗಾಡಿ ಬರಲಿ! ಓಣಿಗೊಂದು ಕಟ್ಟೆ, ಏರಲು ಒಂದು ಬದಿಗೆ ಸಣ್ಣ ಇಳಿಜಾರು. ಗಾಡಿಯ ನೆಲ ಕಟ್ಟೆಗೆ ಸರಿಸಮ. ಕಾಲೆತ್ತುವ ಮಾತೇ ಇಲ್ಲ, ಎದ್ದು ನಾಲ್ಕು ಹೆಜ್ಜೆ ಒಳಗೆ ನಡೆದರೆ ಆಯಿತು. ಬ್ಯಾಟರಿ ಗಾಡಿ, ಹೊಗೆಯಿಲ್ಲ, ಸಪ್ಪಳವಿಲ್ಲ. ಓಣಿ ಓಣಿ ತಿರುಗಿ ದೊಡ್ಡ ರಸ್ತೆಯ ನಿಲ್ದಾಣಕ್ಕೆ ಮುಟ್ಟಿಸುತ್ತದೆ. ಇಷ್ಟು ದೊಡ್ಡ ವಿಚಾರ ನನ್ನ ಬಾಯಿಂದ ಬಂತು ಎಂದು ನಾನು ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ.

ಗಾಡಿ ಕಟ್ಟುವ ಮೊದಲು ಸುಳ್ಳು ಗಾಡಿ ಕಟ್ಟಿ ನೋಡಬೇಕಂತೆ. ಅಂಗಳದಲ್ಲಿ ಮಗನ ಮಂಚ, ಮನೆಯ ಕುರ್ಚಿಗಳು, ಬಿದಿರಿನ ಗಳ, ಗೋಡೆಯ ಬದಲಿಗೆ ನನ್ನ ಬಿಳಿ ಚಾದರ. ಮುಂದೆ ಊಟದ ತಾಟನ್ನು ಹಿಡಿದು ತಿರುಗಿಸುತ್ತಾ ಅವಳು ಡ್ರೈವರು! ಓಣಿಯ ಮುದುಕ ಮುದುಕಿಯರನ್ನೆಲ್ಲ ಕರೆದು, ಎಲ್ಲರ ಅಂಗೈಗೆ ಅರಿಶಿನ ಕಲಸಿ ಹಚ್ಚಿದಳು.

"ಒಳಗ ಬರೂಮುಂದ ಕೈ ಎಲ್ಲಿಗೆ ಹೋಗತೈತೋ ಅಲ್ಲಿಗೆ ಬಿಡ್ರಿ. ವಿಚಾರ ಮಾಡಬ್ಯಾಡ್ರಿ."

ಚಾದರದ ತುಂಬ, ಗಳದ ತುಂಬ ಹಳದಿ ಕೈಗಳು ಮೂಡಿದವು. ಎಲ್ಲರವೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ. ನನ್ನದೊಂದು ಮಾತ್ರ ಎಲ್ಲರಿಗಿಂತ ಕೆಳಗೆ, ಎಡಗಡೆಯ ಮೂಲೆಯಲ್ಲಿ. ನನಗೆ ನಾಚಿಕೆಯಾಯಿತು.

"ನಂದು ತಪ್ಪಿ ಹತ್ತೇತವಾ, ಒರಸಿಬಿಡು."

"ಕೈ ತಪ್ಪಂಗಿಲ್ಲ ಅಜ್ಜಿ. ಹಿಡಿಕಿ ಇಡಾವರು ತಪ್ಪಿರತಾರ."

ಚಹ ಬಂತು. ಎಲ್ಲರೂ ಇಳಿದರು. ಒಬ್ಬ ಅಜ್ಜ ಮಾತ್ರ ಕುರ್ಚಿ ಬಿಡಲಿಲ್ಲ. "ನಾ ಧಾರವಾಡಕ್ಕ ಹೊಂಟೇನಿ, ನಡಬರಕ ಯಾಕ ಇಳೀಲಿ? ಇನ್ನೊಂದ ಕಪ್ಪ ಚಹಾ ತರ್ರಿ" ಎಂದ. ಅಷ್ಟರಲ್ಲಿ ನನ್ನ ಮಗ ಅಂಗಡಿಯಿಂದ ದಣಿದು ಬಂದು "ನನ್ನ ಮಂಚ ಎಲ್ಲೈತಿ?" ಎಂದು ಕೂಗಿದ.

"ನವನಗರದ ಹತ್ರ ಐತಿ ಅಪ್ಪಾ, ತಡೀ, ಬರಾಕತ್ತೇತಿ!"

ಖರೇ ಗಾಡಿ ಕಟ್ಟಿದ್ದು ನಮ್ಮ ಓಣಿಯ ತುದಿಯಲ್ಲಿ ಆಟೋ ರಿಪೇರಿ ಮಾಡುವ ಚಾಚಾನ ಗ್ಯಾರೇಜಿನಲ್ಲಿ. ಮಾಳಿಗೆಯ ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಹಲಗೆ ಹಾಕಿದರು, ಕೆಳಗೆ ಜಗಳ ಹಾಕಿದರು.

"ಬೇಟಾ, ಗಾಡಿ ಓಡೂದು ಗಾಲಿಯಿಂದ. ನೀ ಬಾಗಲಾ, ಹಿಡಿಕಿ ಅಂತ ಕುಂತೀಯಲ್ಲ!"

"ಓಡೂದು ಎಲ್ಲಾ ಗಾಡಿಗೂ ಬರತೈತ್ರಿ ಚಾಚಾ. ಮುದುಕರ ಮುಂದ ಹೆಂಗ ನಿಲ್ಲಬೇಕು ಅನ್ನೂದು ಯಾವ ಗಾಡಿಗೂ ಗೊತ್ತಿಲ್ಲ."

ಚಾಚಾ ನನ್ನ ಹತ್ತಿರ ಬಂದು "ಅಮ್ಮಾ, ನಿಮ್ಮ ಹುಡುಗಿ ತಲಿ ಒಮ್ಮೆ ಡಾಕ್ಟರಿಗೆ ತೋರಸ್ರಿ" ಎಂದ. ಎರಡು ಹೆಜ್ಜೆ ಹೋದವನು ತಿರುಗಿ ಬಂದು, ಸಣ್ಣ ದನಿಯಲ್ಲಿ "ಅದಕ್ಕಿಂತ ಮೊದಲ ನಮ್ಮ ಅಮ್ಮೀಜಾನ್ ಕೈ ಅಳತೀನೂ ತಗೊಳ್ಳಾಕ ಹೇಳ್ರಿ" ಎಂದ!

ಕೊನೆಗೂ ಪರೀಕ್ಷೆಯ ದಿನ ಬಂತು. ಬಸ್ಸಿನ ದೊಡ್ಡ ಕಚೇರಿಯ ಸಾಹೇಬರು ಬಂದು, ಗಾಡಿಯಲ್ಲಿ ಕುಳಿತು ನೋಡುವವರು. ಅವರು ಹೂಂ ಎಂದರೆ ಗಾಡಿ ದಿನಾ ಓಡುತ್ತದೆ, ನನ್ನ ಸೋಮವಾರ ಬರುತ್ತದೆ. ಉಹೂಂ ಎಂದರೆ ಗಾಡಿಯಲ್ಲಿ ಚಾಚಾನ ಕೋಳಿಗಳು ಮಲಗುತ್ತವೆ. ಶುಭ ಕೆಲಸವೆಂದು ನಾನು ಬೆಳಿಗ್ಗೆಯೇ ಕಟ್ಟೆ ತೊಳೆದು ರಂಗೋಲಿ ಹಾಕಿದೆ. ಗಾಡಿಯ ಬಾಗಿಲಿಗೆ ಮಾವಿನ ತೋರಣ ಕಟ್ಟಿದೆ. ಒಳಗಿನ ನೆಲವನ್ನೂ ಒದ್ದೆ ಅರಿವೆಯಿಂದ ಒರೆಸಿದೆ. ಹುಡುಗಿ ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಮುಂದಿನ ಅನಾಹುತ ತಪ್ಪುತ್ತಿತ್ತು!

ಗಾಡಿ ಬಂದು ಕಟ್ಟೆಗೆ ಹೊಂದಿಕೊಂಡು ನಿಂತಿತು. ಕಟ್ಟೆಗೂ ಗಾಡಿಗೂ ನಡುವೆ ಬೆರಳು ತೂರುವಷ್ಟೂ ಸಂದಿಲ್ಲ. ಮೊದಲು ನಾನು ನಡೆದೆ. ನನ್ನ ಹಿಂದೆ ಓಣಿಯ ಹಿರಿಯರೆಲ್ಲ ನಡೆದರು. ಅವರ ಹಿಂದೆ ಸಾಹೇಬರು. ಗಾಡಿ ಹೊರಟದ್ದೇ ತಿಳಿಯಲಿಲ್ಲ, ಬೇವಿನ ಗಿಡ ಹಿಂದಕ್ಕೆ ಸರಿದಾಗ ತಿಳಿಯಿತು. ಹುಡುಗಿ ಎಲ್ಲರ ಮೊಣಕಾಲು ನೋಡುತ್ತಾ, ಸಾಹೇಬರ ಮುಖವನ್ನೂ ಆಗಾಗ ನೋಡುತ್ತಾ ನಿಂತಿದ್ದಳು. ಸಾಹೇಬರು ತಲೆದೂಗುತ್ತಿದ್ದರು. ದೊಡ್ಡ ರಸ್ತೆ ಬಂತು. ಇಳಿದೆವು.

"ಅಯ್ಯಯ್ಯ ಶಿವನ! ಸುಟ್ಟಿತು!"

ಬಿಸಿಲಿಗೆ ಕಾದ ಡಾಂಬರಿನ ಮೇಲೆ ಎಲ್ಲರೂ ಕುಣಿಯತೊಡಗಿದರು. ಯಾರ ಕಾಲಲ್ಲೂ ಚಪ್ಪಲಿ ಇಲ್ಲ! ತೊಳೆದ ಕಟ್ಟೆ, ರಂಗೋಲಿ, ತೋರಣ, ಅದರ ಮುಂದೆ ಸಮನಾದ ಹೊಸ್ತಿಲು. ಇನ್ನೇನಾಗಬೇಕು? ಬೆಂಗೇರಿಯ ಕಟ್ಟೆಯ ಮೇಲೆ ಎಲ್ಲರೂ ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡಿ, ಮನೆಯೊಳಗೆ ಹೋದಂತೆ ಗಾಡಿಯೊಳಗೆ ಹೋಗಿದ್ದೆವು. ಕಾಲು ತಾನಾಗಿಯೇ ಬಿಟ್ಟಿತ್ತು, ತಲೆಗೆ ಗೊತ್ತೇ ಆಗಿರಲಿಲ್ಲ.

"ನನ್ನ ಬೂಟು ಎಲ್ಲೆದಾವು?" ಎಂದು ಸಾಹೇಬರು ಕೇಳಿದರು. ಹೌದು, ಅಷ್ಟು ಮಂದಿ ಹಿರಿಯರು ಚಪ್ಪಲಿ ಬಿಟ್ಟು ಹೋಗುವುದನ್ನು ಕಂಡು ಅವರೂ ಬಿಟ್ಟಿದ್ದರು! ಕಾಲುಚೀಲದ ತುದಿಯಿಂದ ಹೆಬ್ಬೆರಳು ಇಣುಕಿ ನೋಡುತ್ತಿತ್ತು.

"ಬೆಂಗೇರ್ಯಾಗ ಅದಾವ್ರಿ ಸಾಹೇಬ್ರ, ಜ್ವಾಪಾನ ಅದಾವು" ಎಂದೆ.

ಹುಡುಗಿಯ ಮುಖ ಬಿಳುಚಿಕೊಂಡಿತು. "ಎಲ್ಲಾ ಅಳತಿ ಮಾಡಿದೆ ಅಜ್ಜಿ" ಎಂದಳು ಮೆಲ್ಲಗೆ. "ಚಪ್ಪಲಿ ಮರತೆ." ಅವಳ ಕಣ್ಣು ತುಂಬಿದ್ದನ್ನು ನಾನು ಅಂದೇ ಮೊದಲು ಕಂಡದ್ದು. ನನ್ನ ಸೋಮವಾರ ಹೋದರೂ ಹೋಗಲಿ, ಈ ಹುಡುಗಿ ಅಳಬಾರದು ಶಿವನೇ ಎಂದುಕೊಂಡೆ.

ಸಾಹೇಬರು ಕಾಲು ಎತ್ತಿಕೊಂಡು ಮತ್ತೆ ಗಾಡಿಯೊಳಗೆ ಹೋಗಿ ಕುಳಿತರು. ಇಣುಕಿದ ಹೆಬ್ಬೆರಳನ್ನು ನೋಡಿಕೊಂಡು ನಗತೊಡಗಿದರು.

"ಉಗುಳಬ್ಯಾಡ್ರಿ, ಕಸಾ ಚೆಲ್ಲಬ್ಯಾಡ್ರಿ ಅಂತ ಬಸ್ಸಿನ ತುಂಬ ಬರಸೇವಿ ನಾವು. ಯಾರೂ ಓದಲಿಲ್ಲ. ನೀ ಒಂದಕ್ಷರ ಬರೀಲಿಲ್ಲ, ಇವರು ಚಪ್ಪಲಿ ಬಿಟ್ಟು ಬಂದ್ರು. ಓಡಸವಾ ನಿನ್ನ ಗಾಡಿ. ಮೊದಲ ನನ್ನ ಬೂಟಿನ ಕಡೆ ಓಡಸು!"

ಆಮೇಲೆ ಅವಳು ಚಪ್ಪಲಿ ಹಾಕಿಕೊಂಡೇ ಬರಲೆಂದು ಗಾಡಿಯ ಬಾಗಿಲಲ್ಲಿ ಬಣ್ಣದಿಂದ ಎರಡು ಪಾದ ಬರೆಸಿದಳು. ಲಕ್ಷ್ಮಿಯ ಪಾದವೆಂದು ನಮ್ಮ ಹೆಂಗಸರು ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಸುತ್ತು ಹಾಕಿ ಒಳಗೆ ಹೋದರು! ಕೊನೆಗೆ ಸೋತು, ಸೀಟಿನ ಕೆಳಗೆ ಚಪ್ಪಲಿ ಇಡಲು ಗೂಡು ಮಾಡಿಸಿದಳು. "ಬಿಡಾವರು ಇಲ್ಲೇ ಬಿಡ್ಲಿ, ಚಪ್ಪಲಿ ಅವರ ಜೋಡೀನ ಬರಲಿ" ಎಂದಳು.

ಮುಂದಿನ ಸೋಮವಾರ ನಾನು ರೊಟ್ಟಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತೆ. ಗಾಡಿ ಬಂತು. ಅವಳು ಬಾಗಿಲಲ್ಲಿ ನಿಂತಿದ್ದಳು.

"ನಾನೂ ಬರಲೇನ ಅಜ್ಜಿ?"

"ಬ್ಯಾಡ."

ಹಾಗೆಂದದ್ದಕ್ಕೆ ಯಾರಾದರೂ ಬೇಸರಪಡುತ್ತಾರೆ. ಇವಳ ಮುಖ ಅರಳಿತು! ನಾನು ಎದ್ದು ನಡೆದೆ. ಬಾಗಿಲು ದಾಟುವಾಗ ಕೈ ತಾನಾಗಿಯೇ ಚಾಚಿತು, ಎಡಕ್ಕೆ, ಎಲ್ಲರ ಕೈಗಿಂತ ಕೆಳಗೆ. ನಾನು ನೋಡಿರಲಿಲ್ಲ. ಹಿಡಿಕೆ ಅಲ್ಲಿತ್ತು. ಉಳಿದ ಹಿಡಿಕೆಗಳೆಲ್ಲ ಬರೀ ಉಕ್ಕು, ಅದೊಂದಕ್ಕೆ ಮಾತ್ರ ಅರಿಶಿನದ ಬಣ್ಣ.

ದೊಡ್ಡ ರಸ್ತೆ, ದೊಡ್ಡ ಬಸ್ಸು, ನವನಗರ, ಸತ್ತೂರು. ಅಕ್ಕ ಬಾಗಿಲಲ್ಲಿ ಕುಳಿತು ಹೆಸರುಕಾಳು ಆರಿಸುತ್ತಿದ್ದಳು. ನನ್ನನ್ನು ಕಂಡು, ನನ್ನ ಬೆನ್ನ ಹಿಂದೆ ಇಣುಕಿದಳು.

"ಯಾರ ತಂದು ಬಿಟ್ರ ತಂಗೀ?"

"ಯಾರೂ ಇಲ್ಲ. ನಾನ ಬಂದೆ."

"ಆಂ?"

"ನಾನ ಬಂದೆ ಅಕ್ಕಾ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ.

ಅಕ್ಕ ನನ್ನ ಮುಖ ನೋಡಲಿಲ್ಲ. ಕಾಳಿನ ಮೊರ ಕೆಳಗಿಟ್ಟು, ಕುಳಿತಲ್ಲಿಂದಲೇ ಎರಡೂ ಕೈ ಚಾಚಿ ನನ್ನ ಮೊಣಕಾಲು ಮುಟ್ಟಿ ನೋಡಿದಳು.